ಅವ್ವನ ಜೊತೆ ಸೋಮೇಶ್ವರ, ಉಳ್ಳಾಲ: ಒಂದು ದಿನ

ನಮ್ಮದು ಚಿತ್ರದುರ್ಗದ ಕಡೆಯ ಹಳ್ಳಿ. ಕೆರೆ ಕೋಡಿ ಬಿದ್ದರೆ ಊರಿಗೆಲ್ಲ ಹಬ್ಬ. ಕೆಲಸಕ್ಕೆ ಅಂತ ನಾನು ಮಂಗಳೂರಿಗೆ ಬಂದು ಆರು ವರ್ಷವಾಯಿತು. ಅವ್ವ ಮಾತ್ರ ಇನ್ನೂ ಸಮುದ್ರ ನೋಡಿರಲಿಲ್ಲ. ಕಳೆದ ಡಿಸೆಂಬರ್‌ನಲ್ಲಿ ಬಂದಾಗ ಎಲ್ಲರೂ ಪಣಂಬೂರಿಗೆ ಕರೆದುಕೊಂಡು ಹೋಗು ಅಂದರು. ಅಲ್ಲಿ ರಜೆ ದಿನ ಜಾತ್ರೆಯ ಹಾಗೆ ಜನ. ಎಪ್ಪತ್ತೆರಡರ ಅವ್ವನಿಗೆ ಮಂಡಿನೋವು ಬೇರೆ. ಅವಳು ಸುಮ್ನೆ ಕೂತು ನೀರು ನೋಡಬೇಕು, ಅಷ್ಟೇ. ಅದಕ್ಕೆ ಮಂಗಳೂರಿನ ದಕ್ಷಿಣಕ್ಕಿರುವ ಸೋಮೇಶ್ವರ, ಉಳ್ಳಾಲದ ಕಡಲ ದಡ ಅಂತ ತೀರ್ಮಾನಿಸಿದೆ. ಒಂದು ಬುಧವಾರ ರಜೆ ಹಾಕಿದೆ.

ಸೋಮೇಶ್ವರಕ್ಕೆ ನಾನು ಮೊದಲ ಸಲ ಹೋಗಿದ್ದು ಗೆಳೆಯರ ಜೊತೆ, ಮಟಮಟ ಮಧ್ಯಾಹ್ನ. ಮರಳು ಕಾದು ಕಾಲಿಡಲು ಆಗುತ್ತಿರಲಿಲ್ಲ. ಅಲ್ಲಿ ರುದ್ರಶಿಲೆ ಅನ್ನುವ ದೊಡ್ಡ ಬಂಡೆ ಹತ್ತಿ, ಸಮುದ್ರಕ್ಕೆ ಬೆನ್ನು ಮಾಡಿ ಫೋಟೋಗೆ ನಿಂತಿದ್ದೆ. ಒಂದು ದೊಡ್ಡ ಅಲೆ ಬಂಡೆಗೆ ಬಡಿದು ಮೇಲೆದ್ದು ಬಂತು. ಪಾಚಿ ಮೇಲೆ ಕಾಲು ಜಾರಿತು. ಗೆಳೆಯ ತೋಳು ಹಿಡಿಯದೇ ಇದ್ದಿದ್ದರೆ ಏನಾಗುತ್ತಿತ್ತೋ. ದಡದಲ್ಲಿದ್ದ ಒಬ್ಬ ಹಿರಿಯರು ಓಡಿ ಬಂದು, "ಸಮುದ್ರಕ್ಕೆ ಬೆನ್ನು ಹಾಕ್ಬಾರ್ದು ಮಾರಾಯ್ರೆ" ಅಂದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಈ ಸಲ ಬಂಡೆಯ ಮೇಲೆ ಹೋಗುವುದಿಲ್ಲ, ನೀರಿಗೆ ಇಳಿಯುವುದಿಲ್ಲ, ನಡು ಮಧ್ಯಾಹ್ನ ದಡದಲ್ಲಿ ಇರುವುದಿಲ್ಲ ಅಂತ ಮೊದಲೇ ಗಟ್ಟಿ ಮಾಡಿಕೊಂಡೆ.

ಹಿಂದಿನ ರಾತ್ರಿ ಫೋನಿನಲ್ಲಿ ಉಬ್ಬರ ಇಳಿತದ ಸಮಯ ನೋಡಿದೆ. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಹೋದ ವಾರದ ಲೆಕ್ಕ ಈ ವಾರಕ್ಕೆ ಬರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರವಿದ್ದರೆ ನೀರು ಇನ್ನೂ ಮೇಲೆ ಬರುತ್ತದೆ.

ಬೆಳಿಗ್ಗೆ ಏಳೂವರೆಗೆ ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಿನಲ್ಲಿ ಬಸ್ ಹತ್ತಿದೆವು. ಅವ್ವನನ್ನು ಬಲಗಡೆ ಕಿಟಕಿಗೆ ಕೂರಿಸಿದೆ. ಜೆಪ್ಪಿನಮೊಗರು ದಾಟಿ ನೇತ್ರಾವತಿ ಸೇತುವೆಗೆ ಬಂದಾಗ ಅವ್ವ ಸರಳು ಹಿಡಿದುಕೊಂಡಳು. "ಇದೇನಾ ಸಮುದ್ರ?" ಅಂದಳು. "ಅಲ್ಲ ಅವ್ವ, ಇದು ಹೊಳೆ." "ಹೊಳೇನೇ ಇಷ್ಟು ಐತಾ!" ಇಲ್ಲಿಂದ ಸ್ವಲ್ಪ ದೂರದಲ್ಲೇ ಈ ಹೊಳೆ ಸಮುದ್ರ ಸೇರುತ್ತದೆ. ತೊಕ್ಕೊಟ್ಟಿನಲ್ಲಿ ಇಳಿದು ಬನ್ಸ್, ಚಹಾ ಮುಗಿಸಿ ಆಟೋ ಹಿಡಿದೆವು.

ಸೋಮನಾಥ ದೇವಸ್ಥಾನ ಸಮುದ್ರದ ಪಕ್ಕದಲ್ಲೇ ಇದೆ. ಅವ್ವ ಮೊದಲು ದೇವರಿಗೆ ಕೈ ಮುಗಿದಳು. ಆಮೇಲೆ ತಿರುಗಿ ನೋಡಿದಳು. ಎಷ್ಟೋ ಹೊತ್ತು ಮಾತಿಲ್ಲ. ಕೊನೆಗೆ, "ಆ ಕಡೆ ದಡ ಎಲ್ಲೋ?" ಅಂದಳು. ನಾನು ಅರಬ್ ದೇಶದ ಕಥೆ ಹೇಳಿದೆ. ಅವಳು ನಂಬಿದಳೋ ಇಲ್ಲವೋ, ಕಣ್ಣು ಮಾತ್ರ ನೀರಿನ ಮೇಲೇ ಇತ್ತು.

ಇಲ್ಲಿಯ ದಡ ಇಳಿಜಾರು. ಮರಳು ದಪ್ಪ. ಎರಡು ಹೆಜ್ಜೆ ಮುಂದೆ ಹೋದರೆ ಆಳ, ಅಲೆ ದಡಕ್ಕೆ ತೀರಾ ಹತ್ತಿರ ಬಂದು ಒಡೆಯುತ್ತದೆ, ವಾಪಸ್ಸು ಹೋಗುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಮೊಣಕಾಲುದ್ದ ನೀರಲ್ಲವಾ ಅಂತ ಅನ್ನಿಸುವುದೇ ಮೋಸ. ಇಲ್ಲಿ ಈಜಲು ಇಳಿದು ಜೀವ ಕಳೆದುಕೊಂಡವರು ಇದ್ದಾರೆ. ದಯವಿಟ್ಟು ಮಕ್ಕಳ ಕೈ ಬಿಡಬೇಡಿ. ನಾನು ಪ್ಲಾಸ್ಟಿಕ್ ಸ್ಟೂಲ್ ಒಂದನ್ನು ಮನೆಯಿಂದಲೇ ತಂದಿದ್ದೆ. ಮರಳಿನಲ್ಲಿ ಕೂತರೆ ಅವ್ವನಿಗೆ ಏಳಲು ಆಗುವುದಿಲ್ಲ. ಆ ದಿನ ನಾನು ಮಾಡಿದ ಒಳ್ಳೆಯ ಕೆಲಸ ಅದೇ. ಒದ್ದೆ ಮರಳಿಗಿಂತ ಮೇಲೆ ಸ್ಟೂಲ್ ಹಾಕಿ ಕೂರಿಸಿದೆ. ಹತ್ತೂವರೆವರೆಗೆ ಅಲ್ಲೇ ಇದ್ದೆವು. ದೂರದಲ್ಲಿ ಕೆಲವರು ಕೈರಂಪಣಿ ಬಲೆ ಎಳೆಯುತ್ತಿದ್ದರು. ಎರಡು ಸಾಲು ಜನ, ಎರಡು ಹಗ್ಗ, ಒಂದೇ ಬಲೆ. "ಇಬ್ಬರು ಒಂದೇ ಹದಕ್ಕೆ ಎಳೀಬೇಕು, ಇಲ್ಲಾಂದ್ರೆ ಸೊಟ್ಟ ಆಗ್ತದೆ" ಅಂದಳು ಅವ್ವ. ಜೋಡಿ ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಕಪಿಲೆ ಹೊಡೆದವರ ಮನೆಯ ಮಗಳು ಅವಳು.

ಬಿಸಿಲು ಏರಿದ ಮೇಲೆ ಉಳ್ಳಾಲ ಪೇಟೆ ಕಡೆ ಬಂದೆವು. ಸಯ್ಯದ್ ಮದನಿ ದರ್ಗಾದಲ್ಲಿ ಸ್ವಲ್ಪ ಹೊತ್ತು ಕೂತೆವು. ಇಲ್ಲಿಯ ಉರೂಸ್ ಐದು ವರ್ಷಕ್ಕೊಮ್ಮೆ. ಊಟಕ್ಕೆ ಹೋಟೆಲಿನಲ್ಲಿ ಕುಚಲಕ್ಕಿ ಅನ್ನ ಬಂತು, ಅವ್ವನಿಗೆ ಸೇರಲಿಲ್ಲ. ನೀರ್ ದೋಸೆ, ಬಂಗುಡೆ ಸಾರು ಮಾತ್ರ ಎರಡು ಸಲ ಹಾಕಿಸಿಕೊಂಡಳು.

ಊಟವಾದ ಮೇಲೆ ನೆರಳಲ್ಲಿ ಕೂತು ಅಬ್ಬಕ್ಕ ರಾಣಿಯ ಕಥೆ ಹೇಳಿದೆ. ಉಳ್ಳಾಲ ಆಳಿದ ಚೌಟ ಮನೆತನದ ಜೈನ ರಾಣಿ. ಕಪ್ಪ ಕೊಡದೆ ಪೋರ್ಚುಗೀಸರ ಜೊತೆ ಕಾದಾಡಿದವಳು. ಕರಾವಳಿ ಕಾವಲು ಪಡೆ 2012ರಲ್ಲಿ ಒಂದು ಗಸ್ತು ಹಡಗಿಗೆ ಅವಳ ಹೆಸರಿಟ್ಟಿದೆ. ಯುದ್ಧದ ಕಥೆಗೆ ಅವ್ವ ಹೂಂಗುಟ್ಟಿದಳು, ಅಷ್ಟೇ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನುವ ಪ್ರವಾಸಿ ಆಗಿನ ಉಳ್ಳಾಲದ ರಾಣಿಯನ್ನು ನೋಡಿದ್ದ. ಅವಳು ಬರಿಗಾಲಲ್ಲಿ, ಸಾದಾ ಬಟ್ಟೆಯಲ್ಲಿ, ತಾನು ತೋಡಿಸುತ್ತಿದ್ದ ಕಾಲುವೆ ಕೆಲಸ ನೋಡಿಕೊಂಡು ಬರುತ್ತಿದ್ದಳಂತೆ. ಇದನ್ನು ಹೇಳಿದಾಗ ಅವ್ವ ನೆಟ್ಟಗೆ ಕೂತಳು. "ರಾಣಿ ತಾನೇ ಕಾಲುವೆ ನೋಡಾಕೆ ಹೋಗಿದ್ಳಾ? ಹಂಗಾದ್ರೆ ಅವಳು ರೈತಳೇ ಬಿಡು" ಅಂದಳು. ನನಗೆ ಅಬ್ಬಕ್ಕನ ಪ್ರತಿಮೆ ನೋಡಿದಾಗ ಕತ್ತಿಯಷ್ಟೇ ನೆನಪಾಗುತ್ತಿತ್ತು. ಈಗ ಆ ಊರಿನ ರಾಣಿಯರ ಬರಿಗಾಲೂ ನೆನಪಾಗುತ್ತದೆ.

ನಾಲ್ಕು ಗಂಟೆಗೆ ಉಳ್ಳಾಲದ ದಡಕ್ಕೆ ಹೋದೆವು. ಮಧ್ಯಾಹ್ನದ ನಂತರ ಸಮುದ್ರದಿಂದ ಗಾಳಿ ಬೀಸುತ್ತದೆ. ನೆಲ ಬೇಗ ಕಾಯುತ್ತದೆ, ಅಲ್ಲಿಯ ಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ನೀರಿನ ಮೇಲಿನ ತಂಪು ಗಾಳಿ ನುಗ್ಗುತ್ತದೆ. ಗಾಳಿಮರಗಳ ಕೆಳಗೆ ನಿಂತರೆ ಸುಯ್ ಅನ್ನುವ ಸದ್ದು. ಆದರೆ ಇಲ್ಲಿ ನೋಡಿ ಸಂಕಟವಾಗುವುದೂ ಇದೆ. ದಡದುದ್ದಕ್ಕೂ ಕಪ್ಪು ಕಲ್ಲು ಪೇರಿಸಿದ್ದಾರೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲದ ಯೋಜನೆಯಲ್ಲಿ ಸಮುದ್ರದೊಳಗೂ ರೀಫ್, ಅಂದರೆ ಅಲೆಯ ಹೊಡೆತ ತಗ್ಗಿಸುವ ದಿಬ್ಬ, ಕಟ್ಟಿದ್ದಾರೆ. ಆದರೂ ಮಳೆಗಾಲ ಬಂದರೆ ದಡದ ಮನೆಯವರಿಗೆ ಭಯ ಹೋಗಿಲ್ಲ. ಬೇರು ಹೊರಗೆ ಬಂದ ಒಂದು ತೆಂಗಿನ ಮರವನ್ನು ಅವ್ವ ಕೈಯಿಂದ ಮುಟ್ಟಿ ನೋಡಿದಳು. ಅಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸಿಗೆ, "ಮಳೆಗಾಲದಾಗೆ ಎಲ್ಲಿ ಮಲಗ್ತೀಯವ್ವ?" ಅಂತ ಕೇಳಿದಳು. ಆಕೆ ನಕ್ಕು, "ಹೆಚ್ಚು ಬಂದ್ರೆ ಅಕ್ಕನ ಮನೆಗೆ ಹೋಗೂದು ಅಮ್ಮ" ಅಂದರು. ನಮ್ಮೂರಲ್ಲಿ ನೀರಿಲ್ಲದೆ ಊರು ಬಿಡುತ್ತಾರೆ. ಇಲ್ಲಿ ನೀರು ಬಂದು ಮನೆ ಬಿಡುತ್ತಾರೆ.

ಆರು ಗಂಟೆ ದಾಟುವಾಗ ಸೂರ್ಯ ಮುಳುಗಿದ. ಬೆಳಕಿರುವಾಗಲೇ ರಸ್ತೆಗೆ ಬಂದುಬಿಟ್ಟೆವು. ಕತ್ತಲಲ್ಲಿ ಆ ಕಲ್ಲುಗಳ ನಡುವೆ ವಯಸ್ಸಾದವರನ್ನು ನಡೆಸುವುದು ಕಷ್ಟ. ಇಬ್ಬರ ಬಸ್ಸು, ಆಟೋ, ಊಟ ಎಲ್ಲ ಸೇರಿ ಸಾವಿರ ರೂಪಾಯಿಯೊಳಗೇ ಮುಗಿದಿತ್ತು. ಬಸ್ಸಿನಲ್ಲಿ ಅವ್ವ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಮನೆಗೆ ಬಂದು ಮಜ್ಜಿಗೆ ಕೊಟ್ಟೆ. ಒಂದು ಗುಟುಕು ಕುಡಿದು, ತುಟಿ ಸವರಿಕೊಂಡು, "ಉಪ್ಪು ಹಾಕಬ್ಯಾಡ, ತುಟಿ ಮ್ಯಾಲೆ ಇನ್ನೂ ಐತೆ" ಅಂದಳು.