ಮೊದಲು ಕತ್ತರಿ, ಆಮೇಲೆ ಆಮ್ಲಜನಕ

“ಆ ಆಮ್ಲಜನಕದ ಪೆಟ್ಟಿಗೆಯಲ್ಲಿ ಮಲಗಿಸಿದರೆ ವಾಸಿಯಾಗುತ್ತದಂತಲ್ಲ ಡಾಕ್ಟರೇ, ಕೊಯ್ಯಲೇಬೇಕೇ?” ಎಂದು ರೋಗಿಯ ಮಗ ಕೈಮುಗಿದು ಕೇಳಿದ. ತಂದೆಗೆ ಐವತ್ತು ದಾಟಿತ್ತು, ಸಕ್ಕರೆ ಕಾಯಿಲೆ ಹತೋಟಿ ತಪ್ಪಿತ್ತು. ಕೆಳದವಡೆಯ ಹುಳುಕು ಹಲ್ಲಿನಿಂದ ಹೊರಟ ಸೋಂಕು ನಾಲ್ಕೇ ದಿನಗಳಲ್ಲಿ ಕುತ್ತಿಗೆಗೆ ಇಳಿದಿತ್ತು. ಊದಿದ ಚರ್ಮವನ್ನು ಒತ್ತಿದಾಗ ಒಳಗೆ ಚರಚರ ಎಂದಿತು. ಅದು ಅಂಗಾಂಶದಲ್ಲಿ ಸಿಕ್ಕಿಕೊಂಡ ಗಾಳಿ. ಇದು ಅಂಗಾಂಶವನ್ನು ಕೊಳೆಸುತ್ತ ವೇಗವಾಗಿ ಹರಡುವ ಸೋಂಕು, ನೆಕ್ರೊಟೈಸಿಂಗ್ ಫ್ಯಾಸಿಯೈಟಿಸ್. ಆ ಸದ್ದಿನ ನಂತರ ಕಾಯುವಂತಿಲ್ಲ. ಕುತ್ತಿಗೆಯ ಪದರಗಳ ಹಾದಿ ಹಿಡಿದು ಸೋಂಕು ಎದೆಗೂಡಿಗೇ ಇಳಿಯಬಲ್ಲದು.

“ಇಲ್ಲಪ್ಪಾ, ಮೊದಲು ಕೊಯ್ಯಬೇಕು” ಎಂದೆ. ರಕ್ತ ಹರಿಯದ ಸತ್ತ ಭಾಗಕ್ಕೆ ಔಷಧವೂ ತಲುಪದು, ಆಮ್ಲಜನಕವೂ ತಲುಪದು. ಅದೇ ರಾತ್ರಿ ಕುತ್ತಿಗೆಯ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಹಲ್ಲು ಕಿತ್ತು, ಕುತ್ತಿಗೆಯನ್ನು ತೆರೆದೆವು. ಗಟ್ಟಿ ಕೀವಲ್ಲ, ಕಲಗಚ್ಚಿನಂತಹ ನಾರುವ ನೀರು. ಬೂದಿಬಣ್ಣಕ್ಕೆ ತಿರುಗಿದ್ದನ್ನೆಲ್ಲ ರಕ್ತ ಜಿನುಗುವ ತನಕ ಕತ್ತರಿಸಿದೆ. ಮರುದಿನ ಮತ್ತೊಮ್ಮೆ.

ಮೂರನೆಯ ದಿನ ರಕ್ತದೊತ್ತಡ ನೆಲೆಗೆ ಬಂತು. ಶ್ವಾಸಕೋಶದ ಸುತ್ತ ಗಾಳಿ ಸೋರಿಲ್ಲವೆಂದು ಸಿ.ಟಿ. ಸ್ಕ್ಯಾನಿನಲ್ಲಿ ಖಚಿತವಾದ ಬಳಿಕವೇ ಪೆಟ್ಟಿಗೆಗೆ ಒಪ್ಪಿದೆ. ಮುಚ್ಚಿದ ಪೆಟ್ಟಿಗೆಯೊಳಗೆ ಸಾಮಾನ್ಯ ಗಾಳಿಯೊತ್ತಡದ 2.4 ಪಟ್ಟು ಒತ್ತಡ, 90 ನಿಮಿಷ ಶುದ್ಧ ಆಮ್ಲಜನಕ, ಆರಂಭದಲ್ಲಿ ದಿನಕ್ಕೆರಡು ಬಾರಿ. ಆಗ ಆಮ್ಲಜನಕ ಕೆಂಪು ಕಣಗಳನ್ನಷ್ಟೇ ನೆಚ್ಚದೆ ರಕ್ತದ ದ್ರವದಲ್ಲೂ ಹೆಚ್ಚಾಗಿ ಕರಗುತ್ತದೆ. ಗಾಯದ ಅಂಚಿನಲ್ಲಿ ಹೋರಾಡುವ ಬಿಳಿ ಕಣಗಳಿಗೆ ಬಲ ಕೊಡುತ್ತದೆ.

ಒಳಗೆ ಕಳುಹಿಸುವ ಮುನ್ನ ಉಸಿರಿನ ಕೊಳವೆಯ ಬಲೂನಿನಿಂದ ಗಾಳಿ ತೆಗೆದು ಸಲೈನ್ ತುಂಬಿದೆ. ಒತ್ತಡಕ್ಕೆ ಗಾಳಿ ಕುಗ್ಗಿದರೆ ಕೊಳವೆಯ ಸುತ್ತ ಸೋರುತ್ತದೆ. ಕುತ್ತಿಗೆಯಲ್ಲಿ ಕೊಳವೆಯಿದ್ದವರು ಮೂಗು ಹಿಡಿದು ಕಿವಿಗೆ ಗಾಳಿ ಊದಲಾರರು. ಆದ್ದರಿಂದ ಎರಡೂ ಕಿವಿತಮಟೆಗಳಲ್ಲಿ ಸಣ್ಣ ಸೀಳು ಮಾಡಿದೆ. ಮೈಮೇಲೆ ಬರಿಯ ಹತ್ತಿ ಬಟ್ಟೆ, ತಲೆಗೆ ಎಣ್ಣೆಯಿಲ್ಲ. ಇಷ್ಟೆಲ್ಲ ನೋಡಿಕೊಂಡ ನಾನೇ ಒಂದು ಕಡೆ ತಪ್ಪಿದೆ: ಎರಡನೆಯ ಸರದಿಗೆ ಮುನ್ನ ಸಕ್ಕರೆ ಪರೀಕ್ಷಿಸಲಿಲ್ಲ. ಪೆಟ್ಟಿಗೆಯೊಳಗೆ ಸಕ್ಕರೆ ಇಳಿಯುವುದುಂಟು. ಅವರು ಬೆವತು ನಡುಗುತ್ತ ಹೊರಬಂದರು. ಅಂದಿನಿಂದ ಪರೀಕ್ಷಿಸದೆ ಬಾಗಿಲು ಮುಚ್ಚಿಸಿಲ್ಲ.

ಈ ಕಾಯಿಲೆಯಲ್ಲಿ ಪೆಟ್ಟಿಗೆಯ ಲಾಭವನ್ನು ಅಳೆಯಲು ತಕ್ಕ ಒಂದು ಪ್ರಯೋಗವೂ ಚಿಕಿತ್ಸೆಗಳ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆಗೆ ಸಿಗಲಿಲ್ಲ. ಮಗನಿಗೆ ಅದನ್ನೂ ಹೇಳಿದ್ದೆ. ನನಗೆ ಇದು ಜೊತೆಗಾರ ಚಿಕಿತ್ಸೆ, ಅಷ್ಟೇ. ಪೆಟ್ಟಿಗೆಗಾಗಿ ಬೇರೆ ಊರಿಗೆ ಕಳುಹಿಸಬೇಕಾಗಿದ್ದರೆ ಶಸ್ತ್ರಚಿಕಿತ್ಸೆ ಮುಗಿಸದೆ ಕಳುಹಿಸುತ್ತಿರಲಿಲ್ಲ.

ಹತ್ತನೆಯ ಸರದಿಯ ಹೊತ್ತಿಗೆ ಗಾಯದ ತಳ ದಾಳಿಂಬೆ ಕಾಳಿನಂತೆ ಕೆಂಪಾಗಿತ್ತು. “ಇನ್ನು ಕೊಯ್ಯುವುದಿಲ್ಲವಲ್ಲ ಡಾಕ್ಟರೇ?” ಎಂದ ಮಗ. ಮುಚ್ಚುವುದಕ್ಕೆ ತೊಡೆಯಿಂದ ತೆಳುವಾಗಿ ಚರ್ಮ ತೆಗೆಯಬೇಕೆಂದು, ಅವನ ಪಕ್ಕದಲ್ಲೇ ಕುಳಿತು ವಿವರಿಸಿದೆ.