ಎರಡು ಖಾಲಿ ಕ್ಯಾನ್, 20 ಎಂಎಲ್ ಸ್ಪಿರಿಟ್, ಅರ್ಧ ಲೀಟರ್ ಬಿಸಿನೀರು

ತಂಪು ಪಾನೀಯದ ಖಾಲಿ ಕ್ಯಾನ್‌ಗಳಿಂದ ನಾನೇ ಮಾಡಿದ, ಸ್ಪಿರಿಟ್‌ನಲ್ಲಿ ಉರಿಯುವ ಸ್ಟವ್‌ನ ತೂಕ ಸುಮಾರು 13 ಗ್ರಾಂ. ಅರ್ಧ ಲೀಟರ್ ನೀರು ಎಂಟು ನಿಮಿಷದಲ್ಲಿ ಕೊತಕೊತ ಕುದಿಯುತ್ತದೆ. ಸ್ಪಿರಿಟ್ 20 ಎಂಎಲ್ ಸಾಕು, ಗಾಳಿ ಜಾಸ್ತಿ ಇದ್ದರೆ 25. ಇಲ್ಲಿಗೆ ಬಂದು ಮುಟ್ಟಲು ನನಗೆ ಎರಡು ಚಳಿಗಾಲ ಬೇಕಾಯಿತು.

ಪುಣೆಯಲ್ಲಿ ನಾವು ಆರೇಳು ಜನ ಕನ್ನಡದವರು ತಿಂಗಳಿಗೊಮ್ಮೆ ಸಹ್ಯಾದ್ರಿ ಹತ್ತುತ್ತೇವೆ. ಎಲ್ಲರದ್ದೂ ಗ್ಯಾಸ್ ಡಬ್ಬಿಯ ಸ್ಟವ್. 230 ಗ್ರಾಂ ಗ್ಯಾಸಿನ ಡಬ್ಬಿ ತುಂಬಿದಾಗ ಮುನ್ನೂರೈವತ್ತು ಗ್ರಾಂ ದಾಟುತ್ತದೆ, ಅದರ ಮೇಲೆ ಬರ್ನರ್ ಬೇರೆ. ಎರಡು ದಿನದಲ್ಲಿ ಐದಾರು ಸಲ ನೀರು ಕಾಯಿಸಲು ಇಷ್ಟು ಹೊರಬೇಕಾ? ನಾನು ಮೊದಲ ಕ್ಯಾನ್ ಸ್ಟವ್ ಮಾಡಿ ತೋರಿಸಿದಾಗ ಗುಂಪಿನ ಹಿರಿಯರು, ಹುಬ್ಬಳ್ಳಿ ಕಡೆಯವರು, ನಾವೆಲ್ಲ ಕಾಕಾ ಅನ್ನುತ್ತೇವೆ, ಕೈಯಲ್ಲಿ ಹಿಡಿದು ನೋಡಿ ಅಂದರು: "ತಮ್ಮಾ, ಇದು ದೇವರ ಮುಂದ ಹಚ್ಚೂ ದೀಪ ಆತು. ಇದರ ಮ್ಯಾಲ ಚಾ ಆಗೂದಿಲ್ಲ."

ಮೊದಲನೆಯದರಲ್ಲಿ ಆಗಲೂ ಇಲ್ಲ. ಉರಿ ಬರುವ ತೂತುಗಳನ್ನು ಮೊಳೆಯಿಂದ ಹೊಡೆದಿದ್ದೆ, ದೊಡ್ಡದಾದವು. ಗೇಣುದ್ದ ಹಳದಿ ಉರಿ ಎದ್ದು ಪಾತ್ರೆಯ ಬದಿಯಿಂದ ಮೇಲೆ ಹೋಯಿತು. 50 ಎಂಎಲ್ ಸ್ಪಿರಿಟ್ ಐದು ನಿಮಿಷದಲ್ಲಿ ಖಾಲಿ, ನೀರು ಉಗುರುಬೆಚ್ಚಗೆ. ಆಮೇಲೆ ಬೋರ್ಡ್ ಪಿನ್‌ಗೆ ಬಂದೆ. ತೂತು ಒಂದು ಮಿಲಿಮೀಟರ್‌ಗಿಂತ ಕಡಿಮೆ, ಒಟ್ಟು 16. ಯಾವ ಕೋನದಲ್ಲಿ ಚುಚ್ಚುತ್ತೇನೆ, ಒಳಗೆ ಸುತ್ತಿ ನಿಲ್ಲಿಸುವ ತಗಡಿನ ಪಟ್ಟಿಯ ತಳದಲ್ಲಿ ಎಷ್ಟು ಸೀಳು ಬಿಡುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ನಿಜವಾದ ತಲೆನೋವು ಕತ್ತರಿಸಿದ ಎರಡು ಕ್ಯಾನ್ ತಳಗಳನ್ನು ಒಂದರೊಳಗೆ ಒಂದು ಕೂರಿಸುವುದು. ಅಂಚು ಹರಿಯುತ್ತದೆ. ಹರಿದ ಕಡೆಯಿಂದ ಉರಿ ಬರುತ್ತದೆ. ಒಂಬತ್ತು ಕ್ಯಾನ್ ಹೀಗೇ ಹಾಳಾದವು, ಒಂದೊಂದಕ್ಕೂ ನಲವತ್ತು ರೂಪಾಯಿ ಕೊಟ್ಟಿದ್ದೆ. ಗುಜರಿ ಅಂಗಡಿಯಲ್ಲಿ ಖಾಲಿ ಕ್ಯಾನ್ ಸಿಗುತ್ತವೆ, ಆದರೆ ಎಲ್ಲವೂ ತುಳಿದು ಚಪ್ಪಟೆಯಾದವು. ಒಮ್ಮೆ ಎಪಾಕ್ಸಿ ಅಂಟು ಹಚ್ಚಿದೆ, ಅದು ಸುಟ್ಟು ಮನೆಯೆಲ್ಲ ವಾಸನೆ. ಕೊನೆಗೆ ಕೆಲಸ ಮಾಡಿದ್ದು ಇದು: ಸೀಲ್ ತೆರೆಯದ ತುಂಬಿದ ಕ್ಯಾನನ್ನು ಕತ್ತರಿಸಿದ ತುಂಡಿನೊಳಗೆ ನಿಧಾನಕ್ಕೆ ತಿರುಗಿಸುತ್ತಾ ಒತ್ತಿ, ಅಂಚು ಕೂದಲೆಳೆಯಷ್ಟು ಅಗಲವಾದ ಮೇಲೆ ತೆಗೆಯಬೇಕು. ಆಗ ಇನ್ನೊಂದು ತುಂಡು ಸರಕ್ಕಂತ ಒಳಗೆ ಇಳಿಯುತ್ತದೆ. ಅಂಟು ಬೇಡವೇ ಬೇಡ.

ಸ್ಪಿರಿಟ್‌ಗೂ ಅಲೆದೆ. ಸ್ಯಾನಿಟೈಸರ್‌ನಲ್ಲಿ ನೀರಿನ ಅಂಶ ಇರುತ್ತದೆ, ಉರಿಗೆ ಶಕ್ತಿಯಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದರೆ ಪಾತ್ರೆಗೆ ಮಸಿ. ಪೇಂಟ್ ಅಂಗಡಿಯಲ್ಲಿ ಪಾಲಿಶ್‌ಗೆ ಕೊಡುವ ಸ್ಪಿರಿಟ್ಟೇ ಸರಿಹೋಯಿತು, ಲೀಟರ್‌ಗೆ ನೂರ ಎಂಬತ್ತರ ಹತ್ತಿರ ಕೊಟ್ಟ ನೆನಪು. ಅದರಲ್ಲಿ ಮೆಥನಾಲ್ ಇರಬಹುದು, ಅದು ವಿಷ. ನೀರಿನ ಬಾಟಲಿಯಲ್ಲಿ ಹಾಕಬೇಡಿ. ನನ್ನ ಬಾಟಲಿಗೆ ಕುತ್ತಿಗೆಯಿಂದ ತಳದವರೆಗೆ ಕೆಂಪು ಟೇಪ್ ಸುತ್ತಿದ್ದೇನೆ, ಕತ್ತಲಲ್ಲಿ ಕೈಗೆ ಸಿಕ್ಕರೂ ಗೊತ್ತಾಗಬೇಕು. ಇನ್ನೊಂದು, ಬಿಸಿಲಲ್ಲಿ ಈ ಉರಿ ಕಣ್ಣಿಗೆ ಕಾಣುವುದಿಲ್ಲ. ಆರಿದೆ ಅಂದುಕೊಂಡು ಒಮ್ಮೆ ಮತ್ತೆ ಸುರಿಯಲು ಹೋಗಿದ್ದೆ, ಬಗ್ಗಿದಾಗ ಮುಖಕ್ಕೆ ಕಾವು ತಾಗಿ ಹಿಂದೆ ಸರಿದೆ. ಈಗ ಪೂರ್ತಿ ತಣ್ಣಗಾಗದೆ ಬಾಟಲಿಯ ಮುಚ್ಚಳ ತೆಗೆಯುವುದಿಲ್ಲ.

ನಡುವೆ ಇನ್ನೊಂದು ಬಗೆಯ ಸ್ಟವ್ ಮಾಡಿ ನೋಡಿದೆ. ಶೂ ಪಾಲಿಶ್ ಡಬ್ಬಿಯಲ್ಲಿ ಹಳೆಯ ಗೀಸರ್‌ನ ಗ್ಲಾಸ್ ವುಲ್ (ಗಾಜಿನ ಎಳೆಗಳ, ಹತ್ತಿಯಂಥ ವಸ್ತು) ತುಂಬಿ ಮೇಲೆ ಜಾಲರಿ. ಮಗುಚಿದರೂ ಸ್ಪಿರಿಟ್ ಚೆಲ್ಲುವುದಿಲ್ಲ, ಆದರೆ ನೀರು ಕುದಿಯಲು ಹದಿಮೂರು ನಿಮಿಷ. ಉಪ್ಪಿಟ್ಟು ತಳ ಹಿಡಿಯದೆ ಚೆನ್ನಾಗಿ ಬಂತು, ಅದಕ್ಕೇ ಇಟ್ಟುಕೊಂಡಿದ್ದೇನೆ. ಗ್ಲಾಸ್ ವುಲ್ ಬರಿಗೈಯಲ್ಲಿ ಮುಟ್ಟಬೇಡಿ, ಎರಡು ದಿನ ತುರಿಸುತ್ತದೆ.

ಹೋದ ವರ್ಷ ರಾಜಮಾಚಿ ಕೋಟೆಯ ಬುಡದ ಹಳ್ಳಿ ಉಧೇವಾಡಿಯಲ್ಲಿ, ನಾವು ಉಳಿದ ಮನೆಯ ಅಂಗಳದಲ್ಲಿ, ಗಾಳಿಗೆ ನನ್ನ ಸ್ಟವ್ ಮೂರು ಸಲ ಆರಿತ್ತು. ಎಲ್ಲರೂ ಕಾಕಾ ಅವರ ಗ್ಯಾಸಿನ ಚಹಾ ಕುಡಿದರು. ಸ್ಟವ್ ಸರಿಯಾಗೇ ಇತ್ತು, ಕೊರತೆ ಇದ್ದದ್ದು ಗಾಳಿಗೆ ಅಡ್ಡ ನಿಲ್ಲಿಸುವ ಮರೆಯದ್ದು. ವಾಪಸು ಬಂದು ಪುಣೆಯ ಹಾರ್ಡ್‌ವೇರ್ ಅಂಗಡಿಗಳ ಬೀದಿ ಬೋಹ್ರಿ ಆಳಿಯಲ್ಲಿ ತೆಳು ಅಲ್ಯೂಮಿನಿಯಂ ಹಾಳೆ ತಂದೆ. ಪಾತ್ರೆಗೆ ಒತ್ತಿಕೊಂಡು ಸುತ್ತಿದರೆ ಉರಿಗೆ ಗಾಳಿ ಸಾಲದು, ದೂರ ಬಿಟ್ಟರೆ ಮರೆಯೇ ಅಲ್ಲ. ಒಂದು ಬೆರಳಿನ ಜಾಗ, ಕೆಳಗೆ ಪೇಪರ್ ಪಂಚ್‌ನಿಂದ ಒಂದು ಸಾಲು ತೂತು. ಪಾತ್ರೆ ಇಡಲು ಸೈಕಲ್ ಕಡ್ಡಿಗಳನ್ನು ಬಗ್ಗಿಸಿದೆ. ಮರೆ, ಕಡ್ಡಿ ಎಲ್ಲ ಸೇರಿ 80 ಗ್ರಾಂ ಒಳಗೇ. ಹಾಳು ಮಾಡಿದ್ದೂ ಸೇರಿ ಒಟ್ಟು ಸಾವಿರದ ನಾನೂರು ರೂಪಾಯಿ ಆಗಿರಬೇಕು.

ಈ ಜನವರಿಯಲ್ಲಿ ಅದೇ ಅಂಗಳ, ಅದೇ ಗಾಳಿ. ಸುತ್ತ ಹುಲ್ಲು ಒಣಗಿ ನಿಂತಿತ್ತು, ಹಾಗಾಗಿ ಸಗಣಿ ಸಾರಿಸಿದ ನೆಲದ ನಡುವೆ ಒಂದು ಚಪ್ಪಟೆ ಕಲ್ಲಿಟ್ಟು ಅದರ ಮೇಲೆ ಹಚ್ಚಿದೆ. ಅರ್ಧ ನಿಮಿಷ ನಡುವಿನ ಉರಿ ಮಾತ್ರ. ಆಮೇಲೆ ಸುತ್ತಲ ತೂತುಗಳು ಒಂದೊಂದಾಗಿ ಹತ್ತಿಕೊಂಡು ನೀಲಿ ಉಂಗುರ ಆಯಿತು. ಕಾಕಾ ವಾಚ್ ನೋಡುತ್ತಿದ್ದರು. ಒಂಬತ್ತನೇ ನಿಮಿಷಕ್ಕೆ ಮುಚ್ಚಳ ಗಡಗಡ ಅಂತು. ಅವರು ಏನೂ ಹೇಳಲಿಲ್ಲ, ಚಹಾಪುಡಿ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟರು.

ಈಗ ಉರಿ ಸಣ್ಣ ಮಾಡುವ ಮುಚ್ಚಳದ ಹಿಂದೆ ಬಿದ್ದಿದ್ದೇನೆ. ಮೂರು ಮಾಡಿದೆ, ಮೂರೂ ಉರಿಯನ್ನೇ ಆರಿಸಿದವು.