ಒಂದು ಲೋಟ ನೀರು, ಒಂದು ಚಿಟಿಕೆ ಖಾರದ ಪುಡಿ

ನಮ್ಮೂರು ಬ್ಯಾಡಗಿ ಹತ್ರ. ಮದುವೆ ಆಗಿ ಬೆಂಗಳೂರಿಗೆ ಬಂದ್ಮೇಲೆ ಅವ್ವ ಕಳಿಸೋ ಮೆಣಸಿನಕಾಯಿ ಪುಡಿ ಮಾಡಿಸಿ ಅಂಗಡಿಗಳಿಗೆ ಹಾಕೋಣ ಅಂತ ಶುರು ಮಾಡ್ದೆ. ಮೊದಮೊದ್ಲು ಹೋದಲ್ಲೆಲ್ಲ ಗಿಣಿಪಾಠ ಒಪ್ಪಿಸ್ದಂಗೆ, ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ ಟ್ಯಾಗ್ (ಇದು ಇಂಥ ಕಡೆಯದ್ದೇ ಅನ್ನೋ ಸರ್ಕಾರಿ ಗುರುತು) ಸಿಕ್ಕಿದೆ, ಅದ್ರಲ್ಲಿ ಎರಡು ಥರ, ಡಬ್ಬಿ ಅಂದ್ರೆ ಗುಂಡಗೆ ದಪ್ಪ, ಕಡ್ಡಿ ಅಂದ್ರೆ ಉದ್ದ ತೆಳ್ಳಗೆ, ನಾವು ತೊಟ್ಟು ತೆಗೆದೇ ಪುಡಿ ಮಾಡಿಸೋದು ಅಂತ ಹೇಳ್ತಾನೇ ಇರ್ತಿದ್ದೆ, ಅಷ್ಟರಲ್ಲಿ ಅಂಗಡಿಯವ್ರು ತಕ್ಕಡಿ ಕಡೆ ತಿರುಗಿರೋರು. "ಆಯ್ತಮ್ಮ, ನಂಬರ್ ಕೊಟ್ಟೋಗು" ಅಂದ್ರೆ ಮುಗೀತು, ಆ ಫೋನು ಬರೋದೇ ಇಲ್ಲ.

ಒಂದಿನ ಒಬ್ರು, "ಇಷ್ಟೊಂದು ಕೆಂಪಗಿದೆಯಲ್ಲಮ್ಮ, ಬಣ್ಣ ಹಾಕಿದೀಯಾ?" ಅಂದ್ಬಿಟ್ರು. ಸಿಟ್ಟು ಬಂತು ನಂಗೆ, ಅಲ್ಲೇ ಇದ್ದ ನೀರಿನ ಲೋಟ ಎಳ್ಕೊಂಡು ಒಂದು ಚಿಟಿಕೆ ಪುಡಿ ಉದುರಿಸ್ದೆ. ನೀರಲ್ಲಿ ಕರಗೋ ಬಣ್ಣ ಬೆರೆಸಿದ್ರೆ ತಕ್ಷಣ ಕೆಂಪು ಗೆರೆ ಗೆರೆಯಾಗಿ ಕೆಳಗಿಳಿಯುತ್ತೆ, ನಮ್ದು ಸುಮ್ನೆ ಮೇಲೆ ತೇಲ್ತಿತ್ತು. ಮೆಣಸಿನಕಾಯಿ ಬಣ್ಣ ಬಿಡೋದು ಎಣ್ಣೆಗೆ, ಒಗ್ಗರಣೆ ಹಾಕೋರಿಗೆ ಗೊತ್ತೇ ಇರುತ್ತೆ. (ಎಣ್ಣೇಲಿ ಕರಗೋ ಕಲಬೆರಕೆ ಬಣ್ಣ ಈ ಲೋಟದಲ್ಲಿ ಸಿಕ್ಬೀಳಲ್ಲ, ಅದಕ್ಕೆ ಲ್ಯಾಬೇ ಬೇಕು, ಯಾರಾದ್ರೂ ಕೇಳಿದ್ರೆ ಅದನ್ನೂ ಹೇಳ್ಬಿಡ್ತೀನಿ.) ಸಕ್ಕರೆ ತಗೊಳ್ಳೋಕೆ ಬಂದಿದ್ದ ಆಂಟಿನೂ ಬಗ್ಗಿ ನೋಡಿದ್ರು. ಅವತ್ತು ನಾನು ಜಿಐ ವಿಷಯನೇ ಎತ್ಲಿಲ್ಲ.

ಈಗ ಲೋಟ ಬ್ಯಾಗಲ್ಲೇ ಇರುತ್ತೆ. ಬೆಳಿಗ್ಗೆ ಹಾಲು-ಮೊಸರಿನ ಗಲಾಟೇಲಿ ಹೋಗಲ್ಲ, ಮಧ್ಯಾಹ್ನ 3ರ ಮೇಲೆ ಹೋಗ್ತೀನಿ. "ಅಣ್ಣಾ, ಬ್ಯಾಡಗಿ ಪುಡಿ, ಬಣ್ಣ ಜಾಸ್ತಿ ಖಾರ ಕಮ್ಮಿ, ಇಲ್ನೋಡಿ" ಅಂತ ಪುಡಿ ಉದುರಿಸಿ ಬಾಯಿ ಮುಚ್ಕೊಂಡು ನಿಲ್ತೀನಿ, ಈ ಸುಮ್ನಿರೋದು ಕಲಿಯೋಕೇ ನಂಗೆ ತಿಂಗಳುಗಟ್ಟಲೆ ಹಿಡೀತು. ಆಮೇಲೆ 50 ಗ್ರಾಂ ಪ್ಯಾಕೆಟ್ ಕೈಗಿಟ್ಟು, "ದುಡ್ಡು ಬೇಡ, ಇವತ್ತು ಮನೇಲಿ ಸಾರಿಗೆ ಹಾಕಿಸಿ, ಗುರುವಾರ ಇದೇ ಹೊತ್ತಿಗೆ ಬರ್ತೀನಿ, ಹೆಂಗಿತ್ತು ಅಂತ ಅಷ್ಟೇ ಹೇಳಿ" ಅಂತೀನಿ. ಸ್ಟಾಕ್ ಇಟ್ಕೊಳ್ಳಿ ಅಂತ ಮೊದಲ ದಿನವೇ ಕೇಳಿದ್ರೆ ಇಲ್ಲ ಅನ್ನೋದು ಸುಲಭ, ಸಾರು ಮಾಡಿ ನೋಡಿ ಅಂದ್ರೆ ಯಾರೂ ಇಲ್ಲ ಅನ್ನಲ್ಲ. ಗುರುವಾರ ಅಂದ್ರೆ ಗುರುವಾರನೇ ಹೋಗ್ಬೇಕು ಮತ್ತೆ, ಒಂದ್ಸಲ ಮಗಳಿಗೆ ಜ್ವರ ಅಂತ ಶನಿವಾರ ಹೋದೆ, ಅಷ್ಟರಲ್ಲಿ ಅಲ್ಲಿ ಬೇರೆಯವ್ರ ಪುಡಿ ನೇತಾಡ್ತಿತ್ತು.

ಹೋದ ವಾರ ಒಬ್ರು, "ಬಣ್ಣ ಸೂಪರ್ ಕಣಮ್ಮ, ಆದ್ರೆ ಖಾರ ಸಾಲಲ್ಲ ಅಂದ್ಲು ನಮ್ಮನೆಯವ್ಳು, ಸ್ವಲ್ಪ ಗುಂಟೂರು ಬೆರೆಸಿ 5 ಕೆಜಿ ತಂದ್ಕೊಡ್ತೀಯಾ?" ಅಂದ್ರು. ಅವ್ವಂಗೆ ಇನ್ನೂ ಹೇಳಿಲ್ಲ, ಗುಂಟೂರು ಅಂದ್ರೆ ಬೈತಾಳೆ.